ಕಾವಲುಗಾರನ ಅಂತರ್ಗತ ಮೌಲ್ಯ

ಹೊರಮಾವಿನ ದಿವಂಗತ ಮುನಿನಾರಾಯಣಪ್ಪನವರ ಏಕಮಾತ್ರ ಪುತ್ರರಾದ ಶ್ರೀ ಮುನೀಂದ್ರ ಅವರು 2002ನೇ ಇಸವಿಯ ಆಗಸ್ಟ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ, ರಾಹುಕಾಲ ಕಳೆದ ಐದು ನಿಮಿಷಕ್ಕೆ, ತಂತ್ರಜ್ಞಾನವನ್ನು ತ್ಯಜಿಸಿ ಮೌಲ್ಯ ಹೂಡಿಕೆಯನ್ನು ಸ್ವೀಕರಿಸಿದರು. ಸಾಕ್ಷಿಗಳಾಗಿ ಮೂವರು ಹಾಜರಿದ್ದರು. ನಡವಳಿ ಪುಸ್ತಕದಲ್ಲಿ ಇದನ್ನು ದಾಖಲಿಸಿದವನು ನಾನು, ಹಂಪಣ್ಣ. ಅಲ್ಲಿಯವರೆಗೆ ನಾನು ಅದೇ ಸಂಸ್ಥೆಯಲ್ಲಿ ತಂತ್ರಾಂಶಗಳ ಕೈಪಿಡಿ ಬರೆಯುತ್ತಿದ್ದೆ. ಯಾವ ಗುಂಡಿ ಒತ್ತಿದರೆ ಏನಾಗಬೇಕು ಎಂಬುದನ್ನು ವಿವರಿಸುವುದು ನನ್ನ ಕೆಲಸ. ನಿಜವಾಗಿ ಏನಾಗುತ್ತಿತ್ತು ಎಂಬುದು ಬೇರೆ ವಿಭಾಗಕ್ಕೆ ಸೇರಿತ್ತು.

ಸಂಸ್ಥೆಯ ಹಿಂದಿನ ಇತಿಹಾಸವನ್ನು ಸಂಕ್ಷೇಪವಾಗಿ ಹೇಳಬೇಕು. ಮುನೀಂದ್ರ ಅವರು 1998ರಲ್ಲಿ ಇಂದಿರಾನಗರದ ನೂರಡಿ ರಸ್ತೆಯಿಂದ ಒಳಕ್ಕೆ ಎರಡನೇ ಅಡ್ಡರಸ್ತೆಯಲ್ಲಿ, ತಮ್ಮ ತಾಯಿಯವರ ಹೆಸರಿನಲ್ಲಿ ‘ಪಟಾಲಮ್ಮ ಸಾಫ್ಟ್‌ವೇರ್’ ಎಂಬ ಕಂಪನಿ ತೆರೆದರು. ಇಸವಿ ಎರಡು ಸಾವಿರ ಹುಟ್ಟಿದ ಕೂಡಲೇ ಪ್ರಪಂಚದ ಕಂಪ್ಯೂಟರ್‌ಗಳಿಗೆಲ್ಲ ತಾರೀಖು ಮರೆತುಹೋಗುತ್ತದೆ ಎಂಬ ಭಯ ಆಗ ಎಲ್ಲ ಕಡೆ ಇತ್ತು. ಅದನ್ನು ಸರಿಪಡಿಸುವ ಗುತ್ತಿಗೆ ನಮಗೂ ಒಂದು ಸಿಕ್ಕಿತು. ಡಿಸೆಂಬರ್ 31ಕ್ಕೆ ಮುಗಿಯಬೇಕಿದ್ದ ಆ ಕೆಲಸವನ್ನು ನಾವು 2000ದ ಮಾರ್ಚ್ ತಿಂಗಳಲ್ಲಿ ಅಚ್ಚುಕಟ್ಟಾಗಿ ಮುಗಿಸಿದೆವು. ಗುಣಮಟ್ಟದ ಬಗ್ಗೆ ಯಾರೂ ದೂರಲಿಲ್ಲ. ಆಮೇಲೆ ಟ್ಯಾಂಕರ್ ನೀರನ್ನು ಅಂತರ್ಜಾಲದಲ್ಲಿ ಕಾಯ್ದಿರಿಸುವ ತಾಣ ಮಾಡಿದೆವು. ನೀರಿಲ್ಲದವರ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ, ಕಂಪ್ಯೂಟರ್ ಇದ್ದವರ ಮನೆಯಲ್ಲಿ ಬೋರ್‌ವೆಲ್ ಇತ್ತು. ಇದೊಂದನ್ನು ಬಿಟ್ಟರೆ ಯೋಜನೆಯಲ್ಲಿ ಯಾವ ದೋಷವೂ ಇರಲಿಲ್ಲ.

2001ರ ಕೊನೆಗೆ ನಲವತ್ತು ಜನರಲ್ಲಿ ಮೂವರು ಉಳಿದೆವು. ಒಬ್ಬರು ಸುಕನ್ಯ, ಪಟಾಲಮ್ಮನವರ ಅಣ್ಣನ ಮಗಳು, ಕಂಪ್ಯೂಟರ್ ಪದವೀಧರೆ. ಇನ್ನೊಬ್ಬ ನಾನು. ಮೂರನೆಯವನು ಯಾದಗಿರಿ ಕಡೆಯಿಂದ ಬಂದ ಕಾವಲುಗಾರ ಚಂದ್ರಾಮಪ್ಪ. ಕಾಯಲು ಏನೂ ಉಳಿದಿಲ್ಲ ಎಂಬ ಸಂಗತಿಯನ್ನು ಅವನಿಗೆ ಯಾರೂ ಲಿಖಿತವಾಗಿ ತಿಳಿಸದ ಕಾರಣ ಅವನು ಕಾಯುತ್ತಲೇ ಇದ್ದ.

ಇನ್ನು ಜ್ಞಾನೋದಯದ ವಿಚಾರ. ಮೂವತ್ತು ಕಂಪ್ಯೂಟರ್‌ಗಳನ್ನು ಶಿವಾಜಿನಗರದ ಗುಜರಿಗೆ ಹಾಕಿ ಬರುವಾಗ ಮುನೀಂದ್ರ ಅವರು ರಸೆಲ್ ಮಾರುಕಟ್ಟೆಗೆ ಹೊಕ್ಕರು. ಅಂಗಡಿ ಮುಚ್ಚುವ ಹೊತ್ತು. ಹಣ್ಣಿನ ವ್ಯಾಪಾರಿ ಅಹ್ಮದ್ ಪಾಷಾ ಸಪೋಟ ಕಿಲೋಗೆ ಎಂಟು ರೂಪಾಯಿ ಎಂದು ಕೂಗುತ್ತಿದ್ದರು.

“ಬೆಳಿಗ್ಗೆ ಈ ದಾರೀಲಿ ಹೋಗುವಾಗ ಇಪ್ಪತ್ತು ಅಂದ್ರಲ್ಲ. ಇದು ಬೇರೆ ಹಣ್ಣಾ?” ಎಂದು ಇವರು ಕೇಳಿದರು.

“ಹಣ್ಣು ಅದೇ ಸಾಬ್. ಬೆಲೆ ನಾನು ಕೂಗೋದು. ಹಣ್ಣಿಗೆ ಅದು ಕೇಳ್ಸಲ್ಲ.”

ಮುನೀಂದ್ರ ಅವರು ಅಲ್ಲೇ, ಈರುಳ್ಳಿ ಮೂಟೆಯ ಮೇಲೆ, ಅರ್ಧ ಗಂಟೆ ಕುಳಿತರಂತೆ. ಬೆಲೆ ಬೇರೆ, ಮೌಲ್ಯ ಬೇರೆ. ಬೆಲೆ ಬಿದ್ದಾಗ ಕೊಳ್ಳುವವನೇ ಜಾಣ. ಇದು ಹೊಳೆದ ಮೇಲೆ ಹನ್ನೆರಡು ಕಿಲೋ ಸಪೋಟ ತಂದರು. ಅರ್ಧಕ್ಕರ್ಧ ಕೊಳೆತಿತ್ತು. ಈ ಅಂಶವನ್ನು ಅವರು ಸಿದ್ಧಾಂತದೊಳಗೆ ಸೇರಿಸಿಕೊಳ್ಳಲಿಲ್ಲ. ವಾರದೊಳಗೆ ಬೋರ್ಡಿನಲ್ಲಿ ‘ಸಾಫ್ಟ್‌ವೇರ್’ ಅಳಿಸಿ ‘ಮೌಲ್ಯ ಹೂಡಿಕೆ ಸಂಸ್ಥೆ’ ಎಂದು ಬರೆಸಿದರು. ಅಹ್ಮದ್ ಪಾಷಾ ಅವರನ್ನು ಗೌರವ ಸಲಹೆಗಾರರಾಗಿ ನೇಮಿಸಲಾಯಿತು. ಗೌರವಧನ ಇಲ್ಲ, ಬಂದಾಗ ಟೀ ಇದೆ.

ಬಂಡವಾಳಕ್ಕೆ ತೊಂದರೆ ಆಗಲಿಲ್ಲ. ರಿಂಗ್ ರೋಡಿಗೆ ಜಮೀನು ಹೋಗಿ ಪರಿಹಾರದ ಹಣ ಬಂದಿದ್ದ ಮೂವತ್ತೊಂದು ಜನ ನೆಂಟರು ಹೊರಮಾವಿನ ಸುತ್ತಮುತ್ತ ಇದ್ದರು. ಎಲ್ಲರೂ ತಲಾ ಒಂದು ಲಕ್ಷ ಕೊಟ್ಟರು. ಆ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು, ಬಡ್ಡಿಯಲ್ಲಿ ಸಂಬಳ ತೆಗೆದುಕೊಳ್ಳುತ್ತಾ, ನಾವು ಬೆಲೆ ಬೀಳುವುದನ್ನು ಕಾಯತೊಡಗಿದೆವು. ಸುಕನ್ಯ ಸಂಶೋಧನಾ ಮುಖ್ಯಸ್ಥೆಯಾಗಿ ನಿಯಮಾವಳಿ ರಚಿಸಿದರು. ಒಂದನೇ ನಿಯಮ: ಸಂಸ್ಥೆಯು ಯಾವುದನ್ನೂ ಅವಸರದಲ್ಲಿ ಕೊಳ್ಳತಕ್ಕದ್ದಲ್ಲ. ಎರಡನೇ ನಿಯಮ: ಅಗ್ಗಕ್ಕೆ ಸಿಕ್ಕ ಒಳ್ಳೆಯ ಆಸ್ತಿಯನ್ನು ಯಾವ ಕಾರಣಕ್ಕೂ ಕೈಬಿಡತಕ್ಕದ್ದಲ್ಲ. ಹೀಗೆ ನಲವತ್ತೆರಡು ನಿಯಮಗಳಿದ್ದವು.

2003ರಿಂದ 2008ರ ಆರಂಭದವರೆಗೆ ಷೇರುಪೇಟೆಯ ಸೂಚ್ಯಂಕ ಮೂರು ಸಾವಿರದಿಂದ ಇಪ್ಪತ್ತು ಸಾವಿರಕ್ಕೆ ಏರಿತು. ಅಷ್ಟೂ ವರ್ಷ ನಾವು ಒಂದೇ ಒಂದು ಷೇರನ್ನೂ ಕೊಳ್ಳಲಿಲ್ಲ. ಈ ಏರಿಕೆಯಿಂದ ಸಂಸ್ಥೆಗೆ ನಯಾಪೈಸೆ ನಷ್ಟವಾಗಿಲ್ಲ ಎಂದು ವಾರ್ಷಿಕ ಸಭೆಯಲ್ಲಿ ಮುನೀಂದ್ರ ಅವರು ಘೋಷಿಸಿದಾಗ ನೆಂಟರೆಲ್ಲ ಚಪ್ಪಾಳೆ ತಟ್ಟಿದರು. ಸಭೆ ಪ್ರತಿವರ್ಷ ಹೊರಮಾವಿನಲ್ಲಿ ಬಾಡೂಟದೊಂದಿಗೆ ನಡೆಯುತ್ತಿತ್ತು. ಹೂಡಿಕೆದಾರರ ಕಡೆಯಿಂದ ಬರುತ್ತಿದ್ದ ಪ್ರಶ್ನೆ ಒಂದೇ, ಮುದ್ದೆ ಎಷ್ಟು ಹೊತ್ತಿಗೆ ಎಂದು.

ಹೀಗೆ ಎಲ್ಲವೂ ಸುಸೂತ್ರವಾಗಿರುವಾಗ, 2008ರ ಸೆಪ್ಟೆಂಬರ್‌ನಲ್ಲಿ ಚಂದ್ರಾಮಪ್ಪ ಸಂಬಳ ಹೆಚ್ಚಿಸಿ ಎಂದು ಅರ್ಜಿ ಕೊಟ್ಟ.

ಅವನ ಸಂಬಳ ತಿಂಗಳಿಗೆ ಸಾವಿರದ ಎಂಟುನೂರು. 1998ರಲ್ಲೂ ಅಷ್ಟೇ ಇತ್ತು. ಅವನೂ ಅವನ ಹೆಂಡತಿ ಜಟ್ಟೆಮ್ಮನೂ ಹೊರಮಾವಿನಲ್ಲಿ ಹನ್ನೆರಡು ರೂಮುಗಳ ಒಂದು ವಠಾರದಲ್ಲಿ ಏಳನೇ ನಂಬರಿನ ರೂಮಿನಲ್ಲಿದ್ದರು. ಬಾಡಿಗೆ ಏಳುನೂರು ಇದ್ದದ್ದು ದಸರೆಯಿಂದ ಸಾವಿರದ ಇನ್ನೂರಾಗುತ್ತದೆ ಎಂದು ಮನೆಯೊಡತಿ ಹೇಳಿಬಿಟ್ಟಿದ್ದರು. ಮನೆಯೊಡತಿ ಎಂದರೆ ಮುನೀಂದ್ರ ಅವರ ತಾಯಿ ಪಟಾಲಮ್ಮನವರೇ. ಆಯಮ್ಮ ಷೇರು, ಸೂಚ್ಯಂಕ ಯಾವುದನ್ನೂ ಓದಿದವರಲ್ಲ. ಸುತ್ತಲೂ ಅಪಾರ್ಟ್‌ಮೆಂಟ್ ಎದ್ದ ಹಾಗೆಲ್ಲ ಬಾಡಿಗೆ ಏರಿಸುತ್ತಿದ್ದರು, ಅಷ್ಟೇ. ಹೀಗಾಗಿ ಚಂದ್ರಾಮಪ್ಪ ಮಗನಿಂದ ತೆಗೆದುಕೊಂಡದ್ದನ್ನು ತಾಯಿಗೆ ಕೊಡುವ ವ್ಯವಸ್ಥೆಯಲ್ಲಿ ಹತ್ತು ವರ್ಷದಿಂದ ಸೇವೆ ಸಲ್ಲಿಸುತ್ತಿದ್ದ. ತಾಯಿಯ ಕಡೆ ಏರಿತು, ಮಗನ ಕಡೆ ಏರಲಿಲ್ಲ. ಒಂದು ಸಾವಿರ ಹೆಚ್ಚಾಗದಿದ್ದರೆ ಅವನು ಹೆಂಡತಿಯನ್ನು ಊರಿಗೆ ಕಳಿಸಿ, ಯಾರದೋ ರೂಮಿನಲ್ಲಿ ಐದನೆಯವನಾಗಿ ಮಲಗಬೇಕಿತ್ತು. ಅರ್ಜಿ ಬರೆದುಕೊಟ್ಟವನು ನಾನಾದ್ದರಿಂದ ಇದು ನನಗೆ ಚೆನ್ನಾಗಿ ಗೊತ್ತು.

ಅರ್ಜಿಯನ್ನು ತ್ರಿಸದಸ್ಯ ಸಮಿತಿಗೆ ಒಪ್ಪಿಸಲಾಯಿತು. ಸದಸ್ಯರು ಮುನೀಂದ್ರ, ಸುಕನ್ಯ, ನಾನು. ಹದಿನೇಳು ದಿನ ಅಧ್ಯಯನ ನಡೆಯಿತು. ಸುಕನ್ಯ ಅಕ್ಕಪಕ್ಕದ ಬೀದಿಗಳಲ್ಲಿ ವಿಚಾರಿಸಿ, ಇಂಥ ಅನುಭವಿ ಕಾವಲುಗಾರನ ನಿಜವಾದ ಮೌಲ್ಯ ತಿಂಗಳಿಗೆ ಐದು ಸಾವಿರ ಎಂದು ನಿರ್ಧರಿಸಿದರು. ಚಂದ್ರಾಮಪ್ಪನಿಗೆ ನಲವತ್ತೆರಡು ವರ್ಷ. ಅರವತ್ತಕ್ಕೆ ನಿವೃತ್ತಿ ಎಂದರೆ ಇನ್ನು ಹದಿನೆಂಟು ವರ್ಷ. ಒಟ್ಟು ಅಂತರ್ಗತ ಮೌಲ್ಯ ಹತ್ತು ಲಕ್ಷದ ಎಂಬತ್ತು ಸಾವಿರ ರೂಪಾಯಿ. ವರದಿ ಓದಿ ಮುನೀಂದ್ರ ಅವರ ಕಣ್ಣಲ್ಲಿ ನೀರು ಬಂತು. ಆರು ವರ್ಷದಿಂದ ಹುಡುಕುತ್ತಿದ್ದ ಆಸ್ತಿ ಗೇಟಿನಲ್ಲೇ ಕುಳಿತಿತ್ತು.

ಚಂದ್ರಾಮಪ್ಪನನ್ನು ಒಳಗೆ ಕರೆಸಿದರು.

“ಚಂದ್ರಾಮಪ್ಪನವ್ರೇ, ಕೂತ್ಕೊಳ್ಳಿ. ನಿಮ್ಮ ಮೌಲ್ಯ ಐದು ಸಾವಿರ. ನಿಮ್ಮ ಬೆಲೆ ಸಾವಿರದ ಎಂಟುನೂರು. ಈ ಎರಡರ ನಡುವಿನ ಗ್ಯಾಪ್ ಇದೆಯಲ್ಲ, ಅದನ್ನ ಸುರಕ್ಷತೆಯ ಅಂತರ ಅಂತೀವಿ. ಅರವತ್ನಾಲ್ಕು ಪರ್ಸೆಂಟ್! ಇಡೀ ದೇಶದಲ್ಲಿ ಇಂಥದ್ದು ಸಿಗಲ್ಲ.”

“ಭಾಳ ಖುಷಿ ಆತ್ರಿ ಸಾಹೇಬ್ರ. ಅಂದ್ರ ಪಗಾರ ಏರಸ್ತೀರೇನ್ರಿ?”

“ಏರಿಸಿದ್ರೆ ಅಂತರ ನಲವತ್ನಾಲ್ಕಕ್ಕೆ ಬಿದ್ದೋಗುತ್ತೆ. ನಿಮ್ಮ ಕೈಯಾರೆ ನೀವೇ ನಿಮ್ಮನ್ನ ಹಾಳ್ ಮಾಡ್ಕೊಂಡಂಗೆ. ನಾನು ಬಿಡಲ್ಲ.”

ಚಂದ್ರಾಮಪ್ಪ ನನ್ನ ಮುಖ ನೋಡಿದ. ನಾನು ನಡವಳಿ ಬರೆಯುತ್ತಿದ್ದೆ.

ಅವನಿಗೆ ಅಂತರ್ಗತ ಮೌಲ್ಯದ ಪ್ರಮಾಣಪತ್ರವನ್ನು ಲ್ಯಾಮಿನೇಟ್ ಮಾಡಿಸಿ ಕೊಡಲಾಯಿತು. ಸಂಸ್ಥೆಯ ಮೊದಲ ಆಸ್ತಿ ಎಂದು ವಹಿಯಲ್ಲಿ ಅವನ ಹೆಸರು ಏರಿತು. ಆ ದಿನದಿಂದ ಎಲ್ಲರೂ ಅವನನ್ನು ಬಹುವಚನದಲ್ಲಿ ಸಂಬೋಧಿಸಬೇಕೆಂದು ಸುತ್ತೋಲೆ ಹೊರಟಿತು. ಬಹುವಚನಕ್ಕೆ ಖರ್ಚಿಲ್ಲ. ಆದ್ದರಿಂದ ಇಲ್ಲಿಂದ ಮುಂದೆ ನಾನೂ ಅವರು ಎಂದೇ ಬರೆಯುತ್ತೇನೆ.

ಪ್ರಮಾಣಪತ್ರವನ್ನು ನೋಡಿ ಜಟ್ಟೆಮ್ಮ ಏನಂದರು ಎಂಬುದನ್ನು ಮಾರನೇ ದಿನ ಚಂದ್ರಾಮಪ್ಪನವರೇ ಹೇಳಿದರು: “ಹತ್ತು ಲಕ್ಷದ ಗಂಡನ್ನ ಇಟಗೊಂಡು ಜ್ವಾಳದ ಹಿಟ್ಟು ಉದ್ರಿ ತರ್ಲೇನು ಅಂದಳ್ರಿ.”

ದಸರೆ ಬಂತು, ಬಾಡಿಗೆ ಏರಿತು. ಅದೇ ವಾರ ಪಕ್ಕದ ಬೀದಿಯ ಅಪಾರ್ಟ್‌ಮೆಂಟ್‌ನವರು ಚಂದ್ರಾಮಪ್ಪನವರನ್ನು ಕರೆದು, ಐದು ಸಾವಿರ ಸಂಬಳ, ಮೆಟ್ಟಿಲ ಕೆಳಗೆ ಗಂಡಹೆಂಡತಿಗೆ ಒಂದು ರೂಮು, ಬಾಡಿಗೆ ಇಲ್ಲ ಎಂದರು. ಅವರಲ್ಲಿ ಹಿಂದೆ ಇದ್ದ ಕಾವಲುಗಾರ ನೀರೆತ್ತುವ ಮೋಟರ್ ಸಮೇತ ಹೊರಟುಹೋಗಿದ್ದ. ಹೀಗಾಗಿ ಹಳೆಯ ಮಾಲೀಕರಿಂದ ಬಿಡುಗಡೆ ಪತ್ರ ಬೇಕೇ ಬೇಕು, ದೀಪಾವಳಿಯವರೆಗೆ ಕಾಯುತ್ತೇವೆ, ಆಮೇಲೆ ಬೇರೆಯವರನ್ನು ಇಟ್ಟುಕೊಳ್ಳುತ್ತೇವೆ ಎಂದು ಖಡಾಖಂಡಿತವಾಗಿ ಹೇಳಿದ್ದರು.

ಬಿಡುಗಡೆ ಪತ್ರದ ಮನವಿಗೆ ಸುಕನ್ಯ ಒಂದೇ ಸಾಲಿನ ಉತ್ತರ ಕೊಟ್ಟರು. ಎರಡನೇ ನಿಯಮದ ಪ್ರಕಾರ, ಅಗ್ಗಕ್ಕೆ ಸಿಕ್ಕ ಒಳ್ಳೆಯ ಆಸ್ತಿಯನ್ನು ಕೈಬಿಡಲು ಅವಕಾಶವಿಲ್ಲ. ಬೇಸರಪಟ್ಟುಕೊಂಡೇ ಬರೆದರು ಎಂಬುದನ್ನೂ ಹೇಳಬೇಕು. “ನಂಗೂ ಪಾಪ ಅನ್ಸುತ್ತೆ ಹಂಪಣ್ಣ. ಆದ್ರೆ ರೂಲ್ ನಾನೇ ಬರ್ದಿರೋದು,” ಎಂದರು.

ದೀಪಾವಳಿಗೆ ಹದಿನೈದು ದಿನ ಇರುವಾಗ ಜಟ್ಟೆಮ್ಮ ತಾವೇ ಆಫೀಸಿಗೆ ಬಂದರು. ಅವತ್ತು ಅಹ್ಮದ್ ಪಾಷಾ ಅವರೂ ವರ್ಷದ ಟೀ ಕುಡಿಯಲು ಬಂದಿದ್ದರು. ಜಟ್ಟೆಮ್ಮ ಲ್ಯಾಮಿನೇಟ್ ಮಾಡಿದ ಪ್ರಮಾಣಪತ್ರವನ್ನು ಮೇಜಿನ ಮೇಲಿಟ್ಟು, ನಿಂತೇ ಮಾತಾಡಿದರು.

“ಸಾಹೇಬ್ರ, ನನ್ನ ಗಂಡ ನಿಮ್ಮ ಆಸ್ತಿ ಅಂತ ಬರದೀರಿ. ಯಾವಾಗ ಖರೀದಿ ಮಾಡೀರಿ?”

ಮುನೀಂದ್ರ ಅವರು ಸುಕನ್ಯರನ್ನು ನೋಡಿದರು. ಸುಕನ್ಯ ನನ್ನನ್ನು ನೋಡಿದರು.

“ಖರೀದಿ ಅಂತಲ್ಲ ಜಟ್ಟೆಮ್ಮನವ್ರೇ, ತಿಂಗಳು ತಿಂಗಳು ಸಂಬಳ…”

“ಅದು ಬಾಡಿಗಿ ಆತಲ್ರಿ. ನಾವು ನಿಮ್ಮವ್ವಾರ ಖೋಲ್ಯಾಗ ಹತ್ತು ವರ್ಷ ಬಾಡಿಗಿ ಕಟ್ಟೀವಿ. ಖೋಲಿ ನಮ್ಮದಾತೇನ್ರಿ? ಆಗಿದ್ರ ಹೇಳ್ರಿ, ಇವತ್ತ ಬರಕೊಡ್ರಿ. ಇಲ್ಲಂದ್ರ ಇವರೂ ನಿಮ್ಮವರಲ್ಲ.”

ಸುಕನ್ಯ ನಿಯಮಾವಳಿಯ ಪುಟಗಳನ್ನು ಹಿಂದಕ್ಕೂ ಮುಂದಕ್ಕೂ ತಿರುವಿದರು. ಕೊನೆಗೆ ಗೌರವ ಸಲಹೆಗಾರರು ಟೀ ಲೋಟ ಕೆಳಗಿಟ್ಟರು.

“ಸಾಬ್, ನಮ್ ಮಾರ್ಕೆಟ್‌ನಲ್ಲಿ ಇದಕ್ಕೆ ದಾರಿ ಇದೆ. ಅಂಗಡಿ ನಂದಲ್ಲ, ನಾನು ಬಾಡಿಗೆಗೆ ಇರೋನು. ಆದ್ರೆ ನಾನ್ ಬಿಟ್ ಹೋಗ್ಬೇಕಾದ್ರೆ, ಬರೋನು ನಂಗೆ ಗುಡ್‌ವಿಲ್ ಅಂತ ದುಡ್ಡು ಕೊಡ್ಬೇಕು. ಜಾಗ ಮಾಲೀಕಂದು, ಕೂತಿರೋ ಹಕ್ಕು ಕೂತೋಂದು. ನಮ್ ಅಬ್ಬಾ ಕಾಲದಿಂದ ಹಿಂಗೇ. ಈ ಯಪ್ಪನೂ ಹತ್ತು ವರ್ಷದಿಂದ ಕೂತವ್ನಲ್ಲ?”

ಸಂಸ್ಥೆಯ ಗೌರವ ಸಲಹೆಗಾರರು ಆರು ವರ್ಷದಲ್ಲಿ ಕೊಟ್ಟ ಮೊದಲ ಸಲಹೆ ಇದಾದ್ದರಿಂದ ಅದನ್ನು ತಳ್ಳಿಹಾಕಲು ಬರುತ್ತಿರಲಿಲ್ಲ. ಅರ್ಧ ಗಂಟೆಯಲ್ಲಿ ಸುಕನ್ಯ ನಲವತ್ತಮೂರನೇ ನಿಯಮ ಬರೆದರು: ಹುದ್ದೆಯಲ್ಲಿ ಕುಳಿತವರು, ತಮ್ಮ ಜಾಗಕ್ಕೆ ಬರುವವರಿಂದ ಗುಡ್‌ವಿಲ್ ಪಡೆದು ಹುದ್ದೆಯನ್ನು ವರ್ಗಾಯಿಸಬಹುದು, ಹಾಗೆ ವರ್ಗಾಯಿಸಿದ ದಿನ ಬಿಡುಗಡೆ ಪತ್ರ ನೀಡತಕ್ಕದ್ದು. ಕಾನೂನು ಎಂದರೆ ಕಾನೂನು. ಇನ್ನು ಚಂದ್ರಾಮಪ್ಪನವರಿಗೆ ಬೇಕಾಗಿದ್ದದ್ದು ಒಬ್ಬ ಗಿರಾಕಿ, ಅದೂ ದೀಪಾವಳಿಯೊಳಗೆ. ತಿಂಗಳಿಗೆ ಸಾವಿರದ ಎಂಟುನೂರರ ಕೆಲಸಕ್ಕೆ ಎದುರು ದುಡ್ಡು ಕೊಟ್ಟು ಬರುವ ಹುಚ್ಚ ಯಾರು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಜಟ್ಟೆಮ್ಮನ ಮುಖ ನೋಡಲು ಧೈರ್ಯವಾಗಲಿಲ್ಲ.

ಗೇಟಿಗೆ ಪ್ರಕಟಣೆ ಅಂಟಿಸಲಾಯಿತು. “ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಸಂಸ್ಥೆಯ ಏಕೈಕ ಕಾವಲುಗಾರ ಹುದ್ದೆಯು ಗುಡ್‌ವಿಲ್ ಆಧಾರದ ಮೇಲೆ ಲಭ್ಯವಿದೆ. ಪ್ರಮಾಣಿತ ಅಂತರ್ಗತ ಮೌಲ್ಯ ರೂ. 10,80,000. ಕುರ್ಚಿ, ಟೋಪಿ, ಸೀಟಿ ಸೇರಿದೆ. ಆಸಕ್ತರು ಹಾಲಿ ಕಾವಲುಗಾರರನ್ನು ಖುದ್ದಾಗಿ ಕಾಣುವುದು.”

ಮೊದಲ ಎರಡು ದಿನ ಒಂದು ಹಸು ಬಿಟ್ಟರೆ ಯಾರೂ ಪ್ರಕಟಣೆಯ ಹತ್ತಿರ ಬರಲಿಲ್ಲ. ಆದರೆ ಆ ತಿಂಗಳು ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿ, ಅದರ ಬಿಸಿ ಇಂದಿರಾನಗರದ ಕಂಪನಿಗಳಿಗೆ ತಟ್ಟತೊಡಗಿತ್ತು. ಮೂರನೇ ದಿನ ಬೆಳಿಗ್ಗೆ ಗೇಟಿನಲ್ಲಿ ಟೈ ಕಟ್ಟಿದ ಇಬ್ಬರು ನಿಂತಿದ್ದರು. ಐದನೇ ದಿನಕ್ಕೆ ಹದಿನಾಲ್ಕು ಜನ, ಸರದಿಯಲ್ಲಿ. ಎಲ್ಲರ ಕೈಯಲ್ಲೂ ಫೈಲು. ಒಬ್ಬರು ಲ್ಯಾಪ್‌ಟಾಪ್ ಕೊಡುತ್ತೀರಾ ಎಂದು ಕೇಳಿದರು. ಚಂದ್ರಾಮಪ್ಪನವರು ಟಾರ್ಚ್ ತೋರಿಸಿದರು. ಇನ್ನೊಬ್ಬರು, ಈ ಹುದ್ದೆಯಿಂದ ಮುಂದೆ ಬಡ್ತಿಯ ದಾರಿ ಹೇಗೆ ಎಂದು ವಿಚಾರಿಸಿದರು. “ಗೇಟ್ ದಾಟಿದ್ರ ರಸ್ತೆ ಅದರಿ,” ಎಂದು ಉತ್ತರ ಬಂತು. ಅವರು ಅದನ್ನು ಬರೆದುಕೊಂಡರು.

ಗುಡ್‌ವಿಲ್ ಐದು ಸಾವಿರದಿಂದ ಶುರುವಾಗಿ ಇಪ್ಪತ್ತೈದಕ್ಕೆ ಮುಟ್ಟಿತು. ಹಲಸೂರಿನ ಗಯಾಜ್ ಎಂಬ ಇಂಜಿನಿಯರ್ ಒಬ್ಬ ನಲವತ್ತು ಸಾವಿರ ಎಂದ. ಅಷ್ಟೊಂದು ಯಾಕಪ್ಪ ಎಂದು ನಾನೇ ಬದಿಗೆ ಕರೆದು ಕೇಳಿದೆ.

“ಕೆಲಸ ಹೋಗಿ ಮೂರು ವಾರ ಆಯ್ತು ಸಾರ್, ಮನೇಲಿ ಹೇಳಿಲ್ಲ. ದಿನಾ ಬೆಳಿಗ್ಗೆ ಡಬ್ಬಿ ಕಟ್ಟಿ ಕೊಡ್ತಾರೆ. ಕೆರೆ ದಂಡೆ ಮೇಲೆ ಕೂತು ತಿಂದು ಸಂಜೆ ಹೋಗ್ತೀನಿ. ಎಲ್ಲಾದ್ರೂ ಒಂದು ಕಡೆ ಹೋಗಿ ಕೂರೋಕೆ ಜಾಗ ಬೇಕು ಅಷ್ಟೇ.”

ನನಗೆ ಸಂಕಟವಾಯಿತು. ಒಳಗೆ ಮುನೀಂದ್ರ ಅವರಿಗೂ ಸಂಕಟವೇ ಆಗುತ್ತಿತ್ತು, ಆದರೆ ಬೇರೆ ಕಾರಣಕ್ಕೆ. ಕಿಟಕಿಯ ಹತ್ತಿರ ನಿಂತು ಸರದಿಯನ್ನೇ ನೋಡುತ್ತಿದ್ದರು.

“ಹಂಪಣ್ಣ, ಹತ್ತು ಲಕ್ಷದ ಎಂಬತ್ತು ಸಾವಿರದ ಆಸ್ತಿ. ನಲವತ್ತು ಸಾವಿರಕ್ಕೆ ಹೊರಗಿನವರ ಪಾಲಾಗ್ತಾ ಇದೆ.”

“ಹೌದು ಸಾರ್.”

“ನಮ್ಮ ರಿಪೋರ್ಟೇ ಹೇಳ್ತಿದೆ. ನಾನೇ ಸೈನ್ ಹಾಕಿದ್ದೀನಿ. ಇಷ್ಟು ಅಗ್ಗಕ್ಕೆ ಸಿಗ್ತಿರೋವಾಗ ಕೈಕಟ್ಟಿ ಕೂತ್ರೆ, ಆರು ವರ್ಷ ನಾನು ಓದಿದ್ದು ಯಾತಕ್ಕೆ?”

“ಅದೂ ಹೌದು ಸಾರ್.”

ಆ ಮೌಲ್ಯ ಹುದ್ದೆಯಲ್ಲಿ ಕುಳಿತವನಿಗೆ ಸಲ್ಲುತ್ತದೋ, ಅವನನ್ನು ಕೂರಿಸಿಕೊಂಡವನಿಗೋ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ವರದಿಯಲ್ಲಿ ಆ ಬಗ್ಗೆ ಕಲಂ ಇರಲಿಲ್ಲವಾದ್ದರಿಂದ, ಚಂದ್ರಾಮಪ್ಪನವರ ಮುಖವೂ ನೆನಪಾದ್ದರಿಂದ, ನುಂಗಿಕೊಂಡೆ. ಸುಮ್ಮನಿರುವುದರಲ್ಲಿ ನನಗೆ ಆರು ವರ್ಷದ ಅನುಭವವಿತ್ತು.

ಮುನೀಂದ್ರ ಅವರು ಕಾರು ಮಾರಿದರು. ದೀಪಾವಳಿಗೆ ಎರಡು ದಿನ ಇರುವಾಗ, ಗೇಟಿಗೆ ತಾವೇ ಇಳಿದುಬಂದು ಅರವತ್ತೈದು ಸಾವಿರ ಎಂದರು. ಸರದಿಯಲ್ಲಿದ್ದವರು ದೊಡ್ಡವರಿಗೆ ದಾರಿ ಬಿಡುವಂತೆ ಹಿಂದೆ ಸರಿದರು. ಗಯಾಜನ ಹೆಸರನ್ನು ಸುಕನ್ಯ ಕಾಯುವವರ ಪಟ್ಟಿಯಲ್ಲಿ ಮೊದಲನೆಯದಾಗಿ ಬರೆದುಕೊಂಡು, ಹಗಲು ಹೊತ್ತು ನಮ್ಮ ಸಭಾಕೊಠಡಿಯಲ್ಲಿ ಕುಳಿತು ಕಾಯಬಹುದು ಎಂದು ಅನುಮತಿ ಪತ್ರ ಕೊಟ್ಟರು. ಅವನು ಮಾರನೇ ದಿನದಿಂದ ಡಬ್ಬಿಯೊಂದಿಗೆ ಹಾಜರಾದ.

ಚಂದ್ರಾಮಪ್ಪನವರು ದುಡ್ಡನ್ನು ಎಣಿಸಲಿಲ್ಲ, ಜಟ್ಟೆಮ್ಮ ಎಣಿಸಿದರು. ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ಚಂದ್ರಾಮಪ್ಪನವರು ಹೊಸ ಕಾವಲುಗಾರರಿಗೆ ಒಪ್ಪಿಸಿದರು. ಬಿಡುಗಡೆ ಪತ್ರಕ್ಕೆ ವ್ಯವಸ್ಥಾಪಕ ನಿರ್ದೇಶಕರ ರುಜು ಬೇಕಿತ್ತು. ಕಾವಲುಗಾರರು ಗೇಟು ಬಿಟ್ಟು ಮೇಲೆ ಹೋಗುವಂತಿಲ್ಲವೆಂದು ನಿಯಮವಿದ್ದುದರಿಂದ ನಾನೇ ಪತ್ರವನ್ನು ಕೆಳಗೆ ತಂದೆ. ಮುನೀಂದ್ರ ಅವರು ಟೋಪಿ ತೆಗೆದು ರುಜು ಹಾಕಿ, ಮತ್ತೆ ಟೋಪಿ ಹಾಕಿಕೊಂಡರು.

“ಬರ್ತೀವ್ರಿ ಹಂಪಣ್ಣಾರ,” ಎಂದರು ಚಂದ್ರಾಮಪ್ಪನವರು. ಅಷ್ಟು ವರ್ಷದಲ್ಲಿ ಅವರು ಬೆನ್ನು ನೆಟ್ಟಗೆ ಮಾಡಿ ನಡೆದದ್ದನ್ನು ನಾನು ನೋಡಿದ್ದು ಅವತ್ತೇ. ಒಂದು ಟ್ರಂಕು, ಖಾರ ಅರೆಯುವ ಕಲ್ಲು, ರೊಟ್ಟಿಯ ಹೆಂಚು ಆಟೋದಲ್ಲಿಟ್ಟುಕೊಂಡು ಇಬ್ಬರೂ ಪಕ್ಕದ ಬೀದಿಗೆ ಹೊರಟರು. ನನಗೆ ಬಹಳ ಸಂತೋಷವಾಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು ಎಂದರೆ ತಪ್ಪಾಗಲಾರದು.

ನವೆಂಬರ್‌ನ ವಾರ್ಷಿಕ ಸಭೆ ಎಂದಿನಂತೆ ಹೊರಮಾವಿನಲ್ಲಿ ನಡೆಯಿತು. ಮುನೀಂದ್ರ ಅವರು ಕಾವಲುಗಾರರ ಸಮವಸ್ತ್ರದಲ್ಲೇ ಭಾಷಣ ಮಾಡಿದರು. ಸಂಸ್ಥೆಯ ಇತಿಹಾಸದಲ್ಲೇ ಮೊದಲ ಖರೀದಿ ನಡೆದಿದೆ, ಸುರಕ್ಷತೆಯ ಅಂತರ ತೊಂಬತ್ನಾಲ್ಕು ಪರ್ಸೆಂಟ್ ಎಂದು ಅವರು ಹೇಳಿದಾಗ ಮೂವತ್ತೊಂದು ಜನರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಬ್ಬರು ನೆಂಟರು ಆ ಹುದ್ದೆ ಮುಂದೆ ಯಾವಾಗ ಖಾಲಿಯಾಗುತ್ತದೆ ಎಂದು ನನ್ನನ್ನು ಗುಟ್ಟಾಗಿ ವಿಚಾರಿಸಿದರು. ಆಮೇಲೆ ಮುದ್ದೆ ಬಂತು.

ಊಟದ ನಂತರ ಸುಕನ್ಯ ಒಂದು ತೊಡಕನ್ನು ಗಮನಕ್ಕೆ ತಂದರು. ಹದಿನಾಲ್ಕನೇ ನಿಯಮದ ಪ್ರಕಾರ ಕಾವಲುಗಾರರು ವ್ಯವಸ್ಥಾಪಕ ನಿರ್ದೇಶಕರ ಮನೆಯಲ್ಲಿ ವಾಸಿಸತಕ್ಕದ್ದಲ್ಲ. ಯಾರೋ ನೆಂಟನನ್ನು ದೂರ ಇಡಲು ಹಿಂದೆ ಬರೆದದ್ದು. ಮುನೀಂದ್ರ ಅವರು ಎರಡೂ ಆಗಿದ್ದುದರಿಂದ ತಮ್ಮ ಮನೆಯಲ್ಲಿ ತಾವು ಇರುವಂತಿರಲಿಲ್ಲ.

“ಬಾವ, ರೂಲ್ ಅಂದ್ರೆ ರೂಲು,” ಎಂದರು ಸುಕನ್ಯ.

ಪಟಾಲಮ್ಮನವರು ಎಲೆಅಡಿಕೆ ಹಾಕಿಕೊಳ್ಳುತ್ತಾ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಮಗನನ್ನು ಟೋಪಿಯಿಂದ ಬೂಟಿನವರೆಗೆ ಒಮ್ಮೆ ನೋಡಿದರು. ನಾನು ಅಳುತ್ತಾರೇನೋ ಎಂದುಕೊಂಡೆ.

“ಅದಕ್ಯಾಕ್ಲಾ ಯೋಚ್ನೆ ಮಾಡ್ತೀಯ? ಏಳನೇ ನಂಬರ್ ರೂಮು ದೀಪಾವಳಿಯಿಂದ ಖಾಲಿ ಬಿದ್ದದೆ. ಸಾವ್ರದ ಇನ್ನೂರು. ಬೇರೆಯೋರ್ಗೆ ಹತ್ತು ತಿಂಗ್ಳು ಅಡ್ವಾನ್ಸು. ನೀನು ಸ್ವಂತ ಮಗ, ಒಂಬತ್ತು ಕೊಡು ಸಾಕು.”

ತಾಯಿಯ ಹೃದಯ ಎಂದು ನೆಂಟರೆಲ್ಲ ಮೆಚ್ಚಿದರು. ಮುನೀಂದ್ರ ಅವರು ಡಿಸೆಂಬರ್ ಒಂದರಂದು ಒಂದು ಚಾಪೆ, ಒಂದು ಸ್ಟವ್‌ನೊಂದಿಗೆ ರೂಮು ಸೇರಿದರು. ಮದುವೆಯ ವಿಷಯದಲ್ಲೂ ಅವರು ಅವಸರ ಮಾಡಿರಲಿಲ್ಲವಾದ್ದರಿಂದ ಸಾಮಾನು ಹೆಚ್ಚಿರಲಿಲ್ಲ.

ಒಬ್ಬರಿಗೆ ಎರಡು ಸಂಬಳ ಕೂಡದೆಂಬ ನಿಯಮವಿದ್ದುದರಿಂದ ನಿರ್ದೇಶಕರ ಸಂಬಳ ನಿಂತಿತ್ತು. ಸಾವಿರದ ಎಂಟುನೂರರಲ್ಲಿ ಬಾಡಿಗೆ ಕಳೆದರೆ ಆರುನೂರು ಉಳಿಯುತ್ತದೆ. ಸಂಕ್ರಾಂತಿ ಹೊತ್ತಿಗೆ ಅವರ ಕೆನ್ನೆ ಒಳಕ್ಕೆ ಹೋಗಿತ್ತು. ಮಧ್ಯಾಹ್ನ ಗಯಾಜ್ ತನ್ನ ಡಬ್ಬಿಯಲ್ಲಿ ಅರ್ಧ ಕೊಡುತ್ತಿದ್ದ. ಒಂದು ದಿನ ಮುನೀಂದ್ರ ಅವರು ನನ್ನನ್ನು ಗೇಟಿನ ಹತ್ತಿರ ಕರೆದು, ತಮಗೊಂದು ಅರ್ಜಿ ಬರೆದುಕೊಡಬೇಕು ಎಂದು ಸಂಕೋಚದಿಂದ ಕೇಳಿದರು. ತಿಂಗಳಿಗೆ ಒಂದು ಸಾವಿರ ಸಂಬಳ ಹೆಚ್ಚಳ ಕೋರಿ. ನಾನು ಬರೆದುಕೊಟ್ಟೆ. ಅವರು ಸಹಿ ಹಾಕಿದರು. ನಾನು ಅದನ್ನು ಮೇಲೆ ತೆಗೆದುಕೊಂಡು ಹೋಗಿ ವ್ಯವಸ್ಥಾಪಕ ನಿರ್ದೇಶಕರ ಮೇಜಿನ ಮೇಲಿಟ್ಟೆ.

ಸಂಜೆ ಪಾಳಿ ಮುಗಿದ ಮೇಲೆ ಮುನೀಂದ್ರ ಅವರು ಟೋಪಿ ತೆಗೆದಿಟ್ಟು ಮೇಲೆ ಬಂದರು. ಅರ್ಜಿಯನ್ನು ಮೂರು ಸಂಜೆ ಕುಳಿತು ಪರಿಶೀಲಿಸಿದರು. ಲೆಕ್ಕ ಹಾಕಿದರು, ಹಳೆಯ ವರದಿ ತೆಗೆಸಿ ಓದಿದರು, ಒಮ್ಮೆ ಕಿಟಕಿಯಿಂದ ಖಾಲಿ ಕುರ್ಚಿಯನ್ನು ನೋಡಿ ನಿಟ್ಟುಸಿರು ಬಿಟ್ಟರು. ನಾಲ್ಕನೇ ದಿನ ಆದೇಶ ಹೊರಬಿತ್ತು. ಸುರಕ್ಷತೆಯ ಅಂತರ ಕುಗ್ಗುವುದರಿಂದ ಕಾವಲುಗಾರರ ಮನವಿಯನ್ನು ತಿರಸ್ಕರಿಸಲಾಗಿದೆ.

ಆದೇಶವನ್ನು ಕೆಳಗೆ ಗೇಟಿಗೆ ಕೊಂಡೊಯ್ದವನು ನಾನೇ. ಮುನೀಂದ್ರ ಅವರು ಎದ್ದು ನಿಂತು ತೆಗೆದುಕೊಂಡರು. ಎರಡು ಸಲ ಓದಿದರು. ತಲುಪಿದ ಬಗ್ಗೆ ನನ್ನ ಪುಸ್ತಕದಲ್ಲಿ ರುಜು ಹಾಕಿದರು.

“ಬೇಜಾರಾಯ್ತಾ ಸಾರ್?” ಎಂದು ಕೇಳಿದೆ.

“ಇಲ್ಲ ಹಂಪಣ್ಣ, ನ್ಯಾಯವಾಗೇ ಇದೆ,” ಎಂದರು ಅವರು, ಕಾಗದವನ್ನು ಮಡಿಸಿ ಜೇಬಿಗಿಡುತ್ತಾ. “ಅವರ ಜಾಗದಲ್ಲಿ ನಾನಿದ್ದಿದ್ರೂ ಇದನ್ನೇ ಮಾಡ್ತಿದ್ದೆ.”